ಹೇಳಿದ ಬೆಲೆಗೆ ಶೇ 10 ಕಡಿಮೆ ಕೇಳಿದರೆ ಸಾಕೇ? ಮೊದಲ ಮನೆ ಕೊಳ್ಳುವವರು ಎಷ್ಟು ಕೇಳಬೇಕು?

"ಮಾಲೀಕರು ಹೇಳಿದ ಬೆಲೆಗೆ ಶೇ 10 ಕಡಿಮೆ ಕೇಳಿ, ಶೇ 5ಕ್ಕೆ ಒಪ್ಪಿಕೊಳ್ಳಿ." "ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಕೊಡಬೇಡಿ." "45 ಲಕ್ಷದೊಳಗಿನ ಮನೆಗೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 3 ಮಾತ್ರ." ಮನೆ ಕೊಳ್ಳುವವರ ವಾಟ್ಸಾಪ್‌ಗೆ ಈ ಧಾಟಿಯ ಸಂದೇಶಗಳು ಬರುತ್ತಲೇ ಇರುತ್ತವೆ. ಇವುಗಳಲ್ಲಿ ಎಷ್ಟು ನಿಜ? ಸಿಂಧನೂರು, ಮಸ್ಕಿ ಅಥವಾ ಲಿಂಗಸುಗೂರಿನಲ್ಲಿ ಮೊದಲ ಬಾರಿಗೆ ಮನೆ ಕೊಳ್ಳಲು ಹೊರಟವರನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇವನ್ನು ಪರಿಶೀಲಿಸಿದ್ದೇವೆ.

ಚುಟುಕಾಗಿ ಹೇಳಬೇಕೆಂದರೆ ಮೂರೂ ದಾರಿ ತಪ್ಪಿಸುತ್ತವೆ. ಮಾಲೀಕರು ಹೇಳಿದ ಬೆಲೆಯಿಂದ ಲೆಕ್ಕ ಶುರು ಮಾಡಬಾರದು. ಆ ಬೆಲೆ ಕಿವಿಗೆ ಬೀಳುವ ಮೊದಲೇ ನಿಮ್ಮದೊಂದು ಅಂಕಿ ಕಾಗದದ ಮೇಲೆ ಇರಬೇಕು.

ಶೇ 10ರ ಸೂತ್ರ ಎಲ್ಲಿ ತಪ್ಪುತ್ತದೆ?

1987ರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಎಂಬ ಸಂಶೋಧಕರು ಅಮೆರಿಕದ ಟೂಸಾನ್ ನಗರದಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೂ ಅನುಭವಿ ರಿಯಲ್ ಎಸ್ಟೇಟ್ ಏಜೆಂಟರಿಗೂ ಒಂದೇ ಮನೆ ತೋರಿಸಿ, ಅದರ ಬಗ್ಗೆ ಒಂದೇ ಮಾಹಿತಿ ಕೊಟ್ಟರು. "ಮಾಲೀಕರು ಕೇಳುತ್ತಿರುವ ಬೆಲೆ" ಎಂಬ ಅಂಕಿಯನ್ನು ಮಾತ್ರ ಬೇರೆ ಬೇರೆಯಾಗಿ ಕೊಟ್ಟರು. ಹೆಚ್ಚಿನ ಅಂಕಿ ನೋಡಿದವರು ಮನೆಗೆ ಹೆಚ್ಚು ಬೆಲೆ ಕಟ್ಟಿದರು, ಕಡಿಮೆ ಅಂಕಿ ನೋಡಿದವರು ಕಡಿಮೆ ಕಟ್ಟಿದರು. ಇದರಲ್ಲಿ ಏಜೆಂಟರೂ ಹೊರತಾಗಿರಲಿಲ್ಲ. ಆದರೆ ಕೇಳಿದ ಬೆಲೆ ತಮ್ಮ ಮೇಲೆ ಪ್ರಭಾವ ಬೀರಿದೆ ಎಂದು ಒಪ್ಪಲು ಅವರು ಅಷ್ಟಾಗಿ ತಯಾರಿರಲಿಲ್ಲ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ಆಂಕರಿಂಗ್ ಎನ್ನುತ್ತಾರೆ, ಅಂದರೆ ಲಂಗರು. ಮೊದಲು ಕೇಳಿದ ಅಂಕಿಗೆ ಮನಸ್ಸು ಲಂಗರು ಹಾಕಿ ನಿಲ್ಲುತ್ತದೆ, ಆಮೇಲೆ ಅದರ ಸುತ್ತಲೇ ತೇಲುತ್ತದೆ. ಶೇ 10ರ ಸೂತ್ರ ಈ ಲಂಗರನ್ನು ಕೀಳುವುದಿಲ್ಲ, ಹಗ್ಗವನ್ನು ಸ್ವಲ್ಪ ಉದ್ದ ಮಾಡುತ್ತದೆ ಅಷ್ಟೆ. 22 ಲಕ್ಷ ಬಾಳುವ ಮನೆಗೆ ಮಾಲೀಕರು 32 ಲಕ್ಷ ಹೇಳಿದರೆ, ಸೂತ್ರದ ಪ್ರಕಾರ ನೀವು ಕೇಳುವುದು 28 ಲಕ್ಷ 80 ಸಾವಿರ. ಅದೇ ಮನೆಗೆ ಪ್ರಾಮಾಣಿಕ ಮಾಲೀಕರೊಬ್ಬರು 21 ಲಕ್ಷ ಹೇಳಿದರೆ, ಸೂತ್ರಕ್ಕೆ ಅಂಟಿಕೊಂಡು ಎಳೆದಾಡಿ ಒಳ್ಳೆಯ ಮನೆಯನ್ನೇ ಕಳೆದುಕೊಳ್ಳುತ್ತೀರಿ.

ನಮ್ಮ ಕಡೆಯ ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುವುದನ್ನು ನೋಡಿರುತ್ತೀರಿ. ಅಲ್ಲಿ ಪಕ್ಕದವರಿಗೆ ಅಂಕಿ ಗೊತ್ತಾಗುವುದಿಲ್ಲ. ಒಬ್ಬರ ಬೆಲೆ ಇನ್ನೊಬ್ಬರಿಗೆ ಲಂಗರು ಆಗದಂತೆ ತಡೆಯಲು ಅದಕ್ಕಿಂತ ಸರಳ ಉಪಾಯ ಇರಲಿಕ್ಕಿಲ್ಲ.

ಮಾರ್ಗಸೂಚಿ ದರವೇ ನಿಜವಾದ ಬೆಲೆಯೇ?

ಅಲ್ಲ. ಮಾರ್ಗಸೂಚಿ ದರ ಇರುವುದು ಮುದ್ರಾಂಕ ಶುಲ್ಕದ ಲೆಕ್ಕಕ್ಕೆ. ಕಡಿಮೆ ಬೆಲೆ ಬರೆದು ಶುಲ್ಕ ತಪ್ಪಿಸುವುದನ್ನು ತಡೆಯಲು ಸರ್ಕಾರ ಹಾಕಿಕೊಂಡ ಗೆರೆ ಅದು. ರಾಜ್ಯದಾದ್ಯಂತ ಈ ದರ 2023ರ ಅಕ್ಟೋಬರ್ 1ರಂದು ಪರಿಷ್ಕರಣೆಯಾಯಿತು. ಮಾರುಕಟ್ಟೆ ಮಾತ್ರ ಹಾಗೆ ಕಾಯುವುದಿಲ್ಲ. ಹಾಗಾಗಿ ಕೆಲವು ಓಣಿಗಳಲ್ಲಿ ನಿಜವಾದ ಬೆಲೆ ಮಾರ್ಗಸೂಚಿಗಿಂತ ಬಹಳ ಮೇಲಿರಬಹುದು, ಕೆಲವು ಕಡೆ ಕೆಳಗೂ ಇರಬಹುದು.

ಕೆಳಗಿದ್ದರೆ ಆ ಬೆಲೆಗೆ ಕೊಳ್ಳಬಾರದೇ? ಕೊಳ್ಳಬಹುದು. ಆದರೆ ಶುಲ್ಕವನ್ನು ಮಾರ್ಗಸೂಚಿ ಮೌಲ್ಯದ ಮೇಲೆಯೇ ಲೆಕ್ಕ ಹಾಕುತ್ತಾರೆ. ಜೊತೆಗೆ ಆದಾಯ ತೆರಿಗೆಯ ಒಂದು ಗುಂಡಿ ಇದೆ. ಮಾರ್ಗಸೂಚಿ ಮೌಲ್ಯಕ್ಕೂ ನೀವು ಕೊಟ್ಟ ಬೆಲೆಗೂ ನಡುವಿನ ವ್ಯತ್ಯಾಸ 50 ಸಾವಿರ ರೂಪಾಯಿಯನ್ನೂ, ನೀವು ಕೊಟ್ಟ ಬೆಲೆಯ ಶೇ 10ನ್ನೂ ಮೀರಿದರೆ, ಆ ವ್ಯತ್ಯಾಸವನ್ನು ಕೊಂಡವರ ಆದಾಯ ಎಂದು ಪರಿಗಣಿಸುತ್ತಾರೆ. ಅಗ್ಗಕ್ಕೆ ಸಿಕ್ಕಿತು ಎಂದು ಖುಷಿಪಟ್ಟ ಮೇಲೆ ನೋಟಿಸ್ ಬರುವುದು ಹೀಗೆ. ಕಾವೇರಿ ಆನ್‌ಲೈನ್ ಜಾಲತಾಣದಲ್ಲಿ ನಿಮ್ಮ ಬಡಾವಣೆಯ ದರ ನೋಡಿಕೊಂಡು ಈ ಗೆರೆ ಎಲ್ಲಿದೆ ಎಂದು ಮೊದಲೇ ತಿಳಿದಿರಿ.

ಅಕ್ಕಪಕ್ಕದ ಮನೆಗಳ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ಹಿಂದೆ ಎಷ್ಟಕ್ಕೆ ನೋಂದಣಿಯಾಗಿದೆ ಎಂಬುದೂ ಕಾಣುತ್ತದೆ. ಇದು ಉಪಯುಕ್ತ, ಆದರೆ ಪೂರ್ತಿ ನಂಬುವಂಥದ್ದಲ್ಲ. ಕಾಗದದ ಮೇಲೆ ಒಂದು ಬೆಲೆ, ಕೈಯಲ್ಲಿ ಇನ್ನೊಂದು ಬೆಲೆ ಎಂಬ ಚಾಳಿ ಎಲ್ಲರಿಗೂ ಗೊತ್ತಿರುವುದೇ. ಆದ್ದರಿಂದ ಕಳೆದ ಒಂದೆರಡು ವರ್ಷದಲ್ಲಿ ಅದೇ ಓಣಿಯಲ್ಲಿ ಕೊಂಡವರನ್ನು ನೇರವಾಗಿ ಕೇಳಿ. "ಎಷ್ಟು ಹೇಳಿದರು" ಎಂದು ಕೇಳಬೇಡಿ, "ಎಷ್ಟಕ್ಕೆ ಮುಗಿಯಿತು" ಎಂದು ಕೇಳಿ.

ಹಾಗಾದರೆ ನಿಮ್ಮ ಅಂಕಿ ಕಟ್ಟುವುದು ಹೇಗೆ?

ಜಾಗಕ್ಕೆ ಒಂದು ಲೆಕ್ಕ, ಕಟ್ಟಡಕ್ಕೆ ಇನ್ನೊಂದು. ಎರಡನ್ನೂ ಕಲಸಿ "ಮನೆಗೆ ಇಷ್ಟು" ಎಂದು ಯೋಚಿಸಿದ ಕೂಡಲೇ ತಪ್ಪು ಶುರುವಾಗುತ್ತದೆ. ಜಾಗದ ಬೆಲೆ ಸಾಮಾನ್ಯವಾಗಿ ಏರುತ್ತದೆ, ಕಟ್ಟಡದ ಬೆಲೆ ವರ್ಷ ಕಳೆದಂತೆ ಇಳಿಯುತ್ತದೆ. ಮಾರುವವರು ಎರಡೂ ಏರಿದಂತೆ ಮಾತಾಡುತ್ತಾರೆ.

ಒಂದು ಉದಾಹರಣೆ ನೋಡೋಣ. ಇಲ್ಲಿನ ದರಗಳು ಲೆಕ್ಕ ತೋರಿಸಲು ನಾವು ಇಟ್ಟುಕೊಂಡವು, ನಿಮ್ಮ ಓಣಿಯ ದರ ಹಾಕಿ ಬದಲಿಸಿಕೊಳ್ಳಿ. 30-40ರ ಪ್ಲಾಟ್ ಎಂದರೆ 1,200 ಚದರ ಅಡಿ. ಅಡಿಗೆ 900 ರೂ.ನಂತೆ ಜಾಗಕ್ಕೆ 10.8 ಲಕ್ಷ. ಅದರ ಮೇಲೆ 900 ಚದರ ಅಡಿಯ ಆರ್‌ಸಿಸಿ ಮನೆ ಇದೆ. ಇಂದು ಹೊಸದಾಗಿ ಕಟ್ಟಿಸಲು ಅಡಿಗೆ 1,800 ರೂ. ಎಂದರೆ 16.2 ಲಕ್ಷ. ಆದರೆ ಮನೆಗೆ 15 ವರ್ಷವಾಗಿದೆ. ಆರ್‌ಸಿಸಿ ಮನೆಯ ಆಯುಸ್ಸು 60 ವರ್ಷ, ಕೊನೆಗೆ ಉಳಿಯುವ ಬೆಲೆ ಶೇ 10 ಎಂದು ಇಟ್ಟುಕೊಳ್ಳುವುದು ಮೌಲ್ಯಮಾಪಕರಲ್ಲಿ ರೂಢಿಯಲ್ಲಿರುವ ಲೆಕ್ಕ. ಹಾಗೆ ನೋಡಿದರೆ ಸುಮಾರು 3.65 ಲಕ್ಷ ಸವೆದಿದೆ, ಉಳಿದಿದ್ದು 12.55 ಲಕ್ಷ. ಎರಡೂ ಸೇರಿ 23.35 ಲಕ್ಷ. ಸೋರುವ ತಾರಸಿ, ಬಿರುಕು, ಹಳೆಯ ವೈರಿಂಗ್ ಸರಿಪಡಿಸಲು 1.25 ಲಕ್ಷ ಬೇಕು ಎಂದು ಮೇಸ್ತ್ರಿ ಹೇಳಿದರೆ 22.1 ಲಕ್ಷ. 22 ಲಕ್ಷ ಎಂದಿಟ್ಟುಕೊಳ್ಳಿ.

ಇದು ನಿಮ್ಮ ಮೇಲ್ಮಿತಿ. ನೀವು ಕೇಳಬೇಕಾದ ಬೆಲೆ ಇದಕ್ಕಿಂತ ಕೆಳಗಿರುತ್ತದೆ, ಆ ಮಾತಿಗೆ ಆಮೇಲೆ ಬರುತ್ತೇವೆ.

ಶೇ 10ರ ಸೂತ್ರದಂತೆ 28.8 ಲಕ್ಷಕ್ಕೆ ಕೊಂಡಿದ್ದರೆ 6.8 ಲಕ್ಷ ಹೆಚ್ಚು ಕೊಟ್ಟಂತಾಗುತ್ತಿತ್ತು. ಆ ಹೆಚ್ಚುವರಿ ಹಣವನ್ನು ಶೇ 8.5 ಬಡ್ಡಿಯಲ್ಲಿ 20 ವರ್ಷಕ್ಕೆ ಸಾಲ ತಂದಿದ್ದರೆ ತಿಂಗಳಿಗೆ ಸುಮಾರು 5,900 ರೂ. ಕಂತು. 20 ವರ್ಷಕ್ಕೆ 14 ಲಕ್ಷ ದಾಟುತ್ತದೆ. ಮಗಳ ಕಾಲೇಜು ಫೀ ಹೋಗುವುದು ಇಂಥ ಕಡೆಯೇ.

ಬಾಡಿಗೆಯಿಂದಲೂ ಒಮ್ಮೆ ತಾಳೆ ನೋಡಿ. ಅಂಥದೇ ಮನೆ ತಿಂಗಳಿಗೆ 7,000 ರೂ. ಬಾಡಿಗೆಗೆ ಸಿಗುತ್ತಿದ್ದರೆ ವರ್ಷಕ್ಕೆ 84 ಸಾವಿರ. 22 ಲಕ್ಷದ ಮೇಲೆ ಅದು ಶೇ 3.8. ಸಾಲದ ಬಡ್ಡಿ ಅದರ ಎರಡು ಪಟ್ಟಿಗಿಂತ ಹೆಚ್ಚು. ಸ್ವಂತ ಸೂರಿನ ನೆಮ್ಮದಿಗೆ ಬೆಲೆ ಇದೆ ನಿಜ, ಆದರೆ "ಬಾಡಿಗೆ ಕಟ್ಟುವ ಬದಲು ಕಂತು ಕಟ್ಟಿದರಾಯಿತು" ಎಂಬ ಮಾತು ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಎರೆಮಣ್ಣು ಹೇಳುವ ಬೆಲೆ

ನಮ್ಮ ಭಾಗದಲ್ಲಿ ಮನೆಯ ಬೆಲೆ ಕಟ್ಟುವಾಗ ಬೆಂಗಳೂರಿನ ಯೂಟ್ಯೂಬ್ ವಿಡಿಯೊಗಳು ಹೇಳದ ಒಂದು ವಿಷಯವಿದೆ. ಅದು ಕಾಲಡಿಯ ಮಣ್ಣು. ಎರೆಮಣ್ಣಿನಲ್ಲಿ ಮಾಂಟ್ಮೊರಿಲೊನೈಟ್ ಎಂಬ ಜೇಡಿ ಖನಿಜ ಇರುತ್ತದೆ. ಅದರ ಪದರಗಳ ನಡುವೆ ನೀರು ಸೇರಿಕೊಂಡು ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಕಾಣುವುದು ಇದರಿಂದಲೇ. ಆಳವಿಲ್ಲದ ಬುನಾದಿಯ ಮೇಲೆ ನಿಂತ ಮನೆಯೂ ಪ್ರತಿ ವರ್ಷ ಈ ಮಣ್ಣಿನ ಜೊತೆ ಏರಿ ಇಳಿಯುತ್ತದೆ.

ಆದ್ದರಿಂದ ಸಾಧ್ಯವಾದರೆ ಮನೆಯನ್ನು ಏಪ್ರಿಲ್-ಮೇನಲ್ಲಿ ಒಮ್ಮೆ, ಮಳೆ ಬಿದ್ದ ಮೇಲೆ ಒಮ್ಮೆ ನೋಡಿ. ಗಿಲಾವಿನ ಮೇಲಿನ ಕೂದಲೆಳೆಯ ಗೀರುಗಳಿಗೆ ಹೆದರಬೇಕಿಲ್ಲ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೊರಟು, ಇಟ್ಟಿಗೆಯ ಸಾಲಿನುದ್ದಕ್ಕೂ ಮೆಟ್ಟಿಲಿನಂತೆ ಹತ್ತುವ ಬಿರುಕು ಬುನಾದಿ ಅಲುಗಾಡಿದ ಲಕ್ಷಣ. ನಾಲ್ಕು ಗೋಡೆಯಲ್ಲಿ ಒಂದಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಯಾಕೆ ಎಂದು ಕೇಳಿ. ಬುನಾದಿ ಎಷ್ಟು ಆಳ, ಎರೆ ತೆಗೆದು ಮೊರಂ ತುಂಬಿದ್ದರೇ, ಕೆಳಭಾಗ ಉಬ್ಬಿದ ಅಂಡರ್‌ರೀಮ್ಡ್ ಪೈಲ್ ಹಾಕಿದ್ದರೇ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗದಿದ್ದರೆ, ಕಟ್ಟಡದ ಬೆಲೆಯಲ್ಲಿ ಅದನ್ನು ಕಳೆಯುವುದು ನಿಮ್ಮ ಹಕ್ಕು. ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದೊಯ್ದು ತೋರಿಸಲು ಕೆಲವು ಸಾವಿರ ಖರ್ಚಾಗಬಹುದು. ಇಡೀ ವ್ಯವಹಾರದಲ್ಲಿ ಅದಕ್ಕಿಂತ ಲಾಭದ ಖರ್ಚು ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ, ಗದ್ದೆಯಾಗಿದ್ದ ಜಾಗದಲ್ಲಿ ಎದ್ದ ಬಡಾವಣೆಗಳಲ್ಲಿ ಇನ್ನೊಂದನ್ನು ನೋಡಬೇಕು. ಅಚ್ಚುಕಟ್ಟು ಪ್ರದೇಶದಲ್ಲಿ ಜೌಗು ಮತ್ತು ಸವಳು ಹಳೆಯ ಸಮಸ್ಯೆ. ನೆಲದ ನೀರು ಮೇಲಿದ್ದರೆ ಉಪ್ಪು ಗೋಡೆಯೊಳಗೆ ಏರುತ್ತದೆ. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಣ್ಣ ಉದುರಿ ಬಿಳಿ ಪುಡಿ ಕಂಡರೆ ಅದು ಬಣ್ಣದ ದೋಷವಲ್ಲ. ಬೋರ್‌ವೆಲ್ ಇದ್ದರೆ ನೀರನ್ನೂ ಪರೀಕ್ಷೆ ಮಾಡಿಸಿ. ರಾಯಚೂರು ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. "ಸಿಹಿನೀರಿನ ಬೋರ್" ಎಂದು ಹೇಳಿ ಬೆಲೆ ಏರಿಸುವವರಿಗೆ ವರದಿ ತೋರಿಸಿ ಎಂದು ಕೇಳುವುದು ತಪ್ಪಲ್ಲ, ಫ್ಲೋರೈಡ್ ನಾಲಿಗೆಗೆ ಗೊತ್ತಾಗುವುದಿಲ್ಲ.

ವಾಸ್ತುವಿನ ಬಗ್ಗೆ ಒಂದು ಮಾತು. ದಕ್ಷಿಣಕ್ಕೆ ಬಾಗಿಲಿರುವ ಮನೆ ಕೊಳ್ಳಲು ಹಿಂಜರಿಯುವವರು ಬಹಳ, ಹಾಗಾಗಿ ಅಂಥ ಮನೆಯಲ್ಲಿ ಚೌಕಾಸಿಗೆ ಹೆಚ್ಚು ಜಾಗ ಇರುತ್ತದೆ. ನಂಬಿಕೆ ಇಲ್ಲದವರಿಗೆ ಇದು ರಿಯಾಯಿತಿ. ಆದರೆ ನಾಳೆ ನೀವು ಮಾರುವಾಗ ಕೊಳ್ಳಲು ಬರುವವರಿಗೆ ನಂಬಿಕೆ ಇರಬಹುದು.

"ರೈಲು ಬಂತು, ಇನ್ನು ಬೆಲೆ ದುಪ್ಪಟ್ಟು"

ಸಿಂಧನೂರಿಗೆ 2024ರಲ್ಲಿ ರೈಲು ಬಂತು. ಗದಗ-ವಾಡಿ ಮಾರ್ಗ ಲಿಂಗಸುಗೂರಿನ ಕಡೆಗೆ ಬರುತ್ತಿದೆ. ಮೂರೂ ಊರು ರಾಷ್ಟ್ರೀಯ ಹೆದ್ದಾರಿ 150ಎ ಮೇಲಿವೆ. ಮಸ್ಕಿ ತಾಲ್ಲೂಕು ಕೇಂದ್ರವಾದದ್ದೂ ಇತ್ತೀಚೆಗೆ. ಇವೆಲ್ಲ ನಿಜ, ಬೆಲೆಯ ಮೇಲೆ ಪ್ರಭಾವ ಇರುವುದೂ ನಿಜ. ಆದರೆ ಆಗಿರುವ ಅನುಕೂಲದ ಬೆಲೆ ಈಗಾಗಲೇ ಪಕ್ಕದ ಮನೆಗಳ ವ್ಯವಹಾರದಲ್ಲಿ ಸೇರಿರುತ್ತದೆ. ಅದನ್ನು ಮತ್ತೊಮ್ಮೆ ಬೇರೆಯಾಗಿ ಕೂಡಿಸಿದರೆ ಒಂದೇ ರೈಲಿಗೆ ಎರಡು ಟಿಕೆಟ್ ತೆಗೆದಂತೆ. ಇನ್ನೂ ಆಗದ ಅನುಕೂಲಕ್ಕೆ ಇಂದೇ ಪೂರ್ತಿ ಬೆಲೆ ಕೊಡುವುದು ಬೇಡ.

ಭತ್ತದ ಸೀಮೆಯಲ್ಲಿ ಬೆಲೆ ನೀರಿನ ಜೊತೆಗೂ ಏರಿಳಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ನೆಚ್ಚಿದವರ ಎದೆ ಹೇಗೆ ಬಡಿದುಕೊಂಡಿತ್ತು ಎಂಬುದು ಇಲ್ಲಿನವರಿಗೆ ನೆನಪಿದೆ. ಸುಗ್ಗಿಯ ಹಣ ಕೈಗೆ ಬಂದಾಗ ಕೊಳ್ಳುವವರು ಹೆಚ್ಚು, ಬೆಳೆ ಕೈಕೊಟ್ಟಾಗ ಮಾರುವವರು ಹೆಚ್ಚು. ನಿಮ್ಮ ಸಂಬಳವೋ ಅಂಗಡಿಯೋ ಅದಕ್ಕೆ ಅಂಟಿಕೊಂಡಿಲ್ಲದಿದ್ದರೆ, ಅವಸರ ಮಾಡದೆ ಒಂದು ಹಂಗಾಮು ಕಾಯುವ ಅನುಕೂಲ ನಿಮಗಿದೆ.

ಬ್ಯಾಂಕ್ ಎಷ್ಟು ಕೊಡುತ್ತದೆ, ಕೈಯಿಂದ ಎಷ್ಟು ಬೇಕು?

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲದಲ್ಲಿ ಮನೆಯ ಮೌಲ್ಯದ ಗರಿಷ್ಠ ಶೇ 90 ಸಾಲ ಕೊಡಬಹುದು. ಕೊಡಲೇಬೇಕು ಎಂದಲ್ಲ. ಮೌಲ್ಯ ಎಂದರೆ ಸಾಮಾನ್ಯವಾಗಿ ಬ್ಯಾಂಕಿನ ಮೌಲ್ಯಮಾಪಕರು ಹೇಳಿದ್ದು ಅಥವಾ ಕರಾರಿನಲ್ಲಿ ಬರೆದದ್ದು, ಎರಡರಲ್ಲಿ ಕಡಿಮೆ ಇರುವುದು. ನೀವು 22 ಲಕ್ಷಕ್ಕೆ ಒಪ್ಪಿದ್ದೀರಿ, ಮೌಲ್ಯಮಾಪಕರು 20 ಎಂದರೆ ಸಾಲ ಹೆಚ್ಚೆಂದರೆ 18 ಲಕ್ಷ. ಉಳಿದ 4 ಲಕ್ಷ ನಿಮ್ಮ ಕೈಯಿಂದ. 18 ಲಕ್ಷಕ್ಕೆ ಶೇ 8.5ರಲ್ಲಿ 20 ವರ್ಷದ ಕಂತು ಸುಮಾರು 15,600 ರೂ.

ಇದರ ಮೇಲೆ ನೋಂದಣಿ ಖರ್ಚು. ಇಲ್ಲಿಗೆ ಮೂರನೇ ಸಂದೇಶ ಬರುತ್ತದೆ. 20 ಲಕ್ಷದೊಳಗೆ ಶೇ 2, 45 ಲಕ್ಷದವರೆಗೆ ಶೇ 3 ಎಂಬ ಮುದ್ರಾಂಕ ರಿಯಾಯಿತಿ ಇರುವುದು ಹೊಸ ಫ್ಲ್ಯಾಟ್‌ಗಳ ಮೊದಲ ನೋಂದಣಿಗೆ. ಸಿಂಧನೂರಿನ ಓಣಿಯಲ್ಲಿನ ಹಳೆಯ ಮನೆಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಪಟ್ಟಣದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಹಳೆಯ ಸಂದೇಶಗಳಲ್ಲಿ ಇನ್ನೂ ಒಟ್ಟು ಶೇ 6.6 ಎಂದೇ ಇದೆ, ಈಗ ಅದು ಶೇ 7.6. 22 ಲಕ್ಷಕ್ಕೆ 1 ಲಕ್ಷ 67 ಸಾವಿರ ರೂ. ಮನೆಯ ಬೆಲೆ 10 ಲಕ್ಷ ಮೀರಿದರೆ ಸಾಲದ ಮಿತಿ ಲೆಕ್ಕ ಹಾಕುವಾಗ ಬ್ಯಾಂಕ್ ಈ ಖರ್ಚನ್ನು ಸೇರಿಸುವುದಿಲ್ಲ. ಅಂದರೆ ಇದೂ ಕೈಯಿಂದಲೇ.

ಪ್ರಧಾನ ಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಅರ್ಹರಿಗೆ 1.80 ಲಕ್ಷದವರೆಗೆ ಬಡ್ಡಿ ಸಹಾಯಧನ ಇದೆ. ಆದರೆ ಅದು ಐದು ವಾರ್ಷಿಕ ಕಂತುಗಳಲ್ಲಿ ಬರುವಂಥದ್ದು. ಅದನ್ನು ನೆಚ್ಚಿ ಮಾಲೀಕರಿಗೆ ಹೆಚ್ಚು ಬೆಲೆ ಒಪ್ಪಿಕೊಳ್ಳಬೇಡಿ.

"ಕಾಗದದಲ್ಲಿ 15 ಬರೆಸೋಣ, ಉಳಿದಿದ್ದು ಕೈಯಲ್ಲಿ ಕೊಡಿ"

ಸಾಲ ತೆಗೆದು ಕೊಳ್ಳುವವರಿಗೆ ಇದಕ್ಕಿಂತ ನಷ್ಟದ ಸಲಹೆ ಇಲ್ಲ. 15 ಲಕ್ಷ ಬರೆಸಿದರೆ ಸಾಲ 13.5 ಲಕ್ಷ ದಾಟುವುದಿಲ್ಲ. ಮುಂದೆ ಮಾರುವಾಗ ನಿಮ್ಮ ಕೊಂಡ ಬೆಲೆ 15 ಎಂದೇ ಲೆಕ್ಕ, ಲಾಭದ ಮೇಲಿನ ತೆರಿಗೆ ಹೆಚ್ಚು. ಆಸ್ತಿಯ ಮುಂಗಡವಾಗಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೂ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಆಸ್ತಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದು ವ್ಯವಹಾರ ಕಂಡುಬಂದರೆ ನ್ಯಾಯಾಲಯಗಳೂ ನೋಂದಣಿ ಅಧಿಕಾರಿಗಳೂ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ನಿರ್ದೇಶಿಸಿದೆ.

ಕಾಗದಪತ್ರದ ಸ್ಥಿತಿಯೂ ಬೆಲೆಯ ಭಾಗವೇ. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ನಡೆಯುವುದಿಲ್ಲ. ಎನ್‌ಎ ಆಗದ ಹೊಲದಲ್ಲಿ ಎದ್ದ ಮನೆ, ಬಿ-ಖಾತಾ ಮನೆ, ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರ ಸಹಿಯೂ ಬೇಕಾದ ಪಿತ್ರಾರ್ಜಿತ ಮನೆ, ಇವುಗಳಿಗೆ "ಸ್ವಲ್ಪ ಕಡಿಮೆ" ಬೆಲೆ ಕೇಳಿ ಮುಗಿಸುವಂತಿಲ್ಲ. ಸರಿಯಾಗುವವರೆಗೆ ಬೆಲೆ ಮಾತಾಡದಿರುವುದೇ ಮೇಲು.

ಮಾತಿಗೆ ಕುಳಿತಾಗ

"ನೀವೇ ಒಂದು ಮಾತು ಹೇಳ್ರಿ" ಎಂದು ದಲ್ಲಾಳಿ ಹೇಳುತ್ತಾರೆ. ಮೊದಲು ಬಾಯಿ ಬಿಟ್ಟವರು ಸೋತರು ಎಂಬ ನಂಬಿಕೆ ಇದೆ. 2001ರಲ್ಲಿ ಆಡಂ ಗಲಿನ್ಸ್ಕಿ ಮತ್ತು ಥಾಮಸ್ ಮುಸ್‌ವೈಲರ್ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡದ್ದು ಬೇರೆ. ಮೊದಲು ಅಂಕಿ ಹೇಳಿದ ಕಡೆಗೇ ಕೊನೆಯ ಬೆಲೆ ವಾಲಿತ್ತು. ಆದರೆ ಎದುರಿನವರು ತಮ್ಮ ಸ್ವಂತ ಗುರಿಯ ಮೇಲೆ ಗಮನವಿಟ್ಟಾಗ ಆ ಅನುಕೂಲ ಕರಗುತ್ತಿತ್ತು. ಅಂದರೆ ನಿಮ್ಮ ಲೆಕ್ಕ ತಯಾರಿದ್ದರೆ ನೀವೇ ಮೊದಲು ಹೇಳಬಹುದು. ಅವರು ಮೊದಲು ಹೇಳಿದರೂ ನಿಮ್ಮ ಚೀಟಿ ನೋಡಿಕೊಂಡರೆ ಸಾಕು.

ನಮ್ಮ ಉದಾಹರಣೆಯಲ್ಲಿ ಮೇಲ್ಮಿತಿ 22 ಆದರೆ 19.5 ಅಥವಾ 20ರಿಂದ ಶುರು ಮಾಡುವುದು ಸಮಂಜಸ. ಬರೀ ಅಂಕಿ ಹೇಳಬೇಡಿ, ಜಾಗಕ್ಕೆ ಇಷ್ಟು, ಕಟ್ಟಡಕ್ಕೆ ಇಷ್ಟು, ರಿಪೇರಿಗೆ ಇಷ್ಟು ಎಂದು ಕಾರಣದೊಂದಿಗೆ ಹೇಳಿ. ಏರಿಸುವಾಗ ಹೆಜ್ಜೆ ಚಿಕ್ಕದಾಗುತ್ತ ಹೋಗಲಿ. ಮೊದಲು ಒಂದು ಲಕ್ಷ, ಆಮೇಲೆ ಐವತ್ತು ಸಾವಿರ, ಆಮೇಲೆ ಇಪ್ಪತ್ತು. ಮಿತಿ ಹತ್ತಿರ ಬಂತು ಎಂದು ಅದೇ ಹೇಳುತ್ತದೆ. 32 ಎಂದು ಹೇಳಿ 26ಕ್ಕೆ ಇಳಿದು "ನಿಮಗಾಗಿ ಆರು ಲಕ್ಷ ಬಿಟ್ಟೆ" ಎಂದರೆ ಬಿಟ್ಟದ್ದು ಏನೂ ಇಲ್ಲ, ನಿಮ್ಮ ಲೆಕ್ಕಕ್ಕಿಂತ ಇನ್ನೂ ನಾಲ್ಕು ಲಕ್ಷ ಮೇಲಿದೆ. "ಬೇರೆ ಪಾರ್ಟಿ ನಾಳೆ ಅಡ್ವಾನ್ಸ್ ಕೊಡ್ತಾರ" ಎಂಬ ಮಾತು ನಿಜವೂ ಇರಬಹುದು, ಸುಳ್ಳೂ ಇರಬಹುದು. ಎರಡರಲ್ಲಿ ಯಾವುದಾದರೂ ನಿಮ್ಮ ಮೇಲ್ಮಿತಿ ಬದಲಾಗುವುದಿಲ್ಲ. ದಲ್ಲಾಳಿಯ ಕಮಿಷನ್ ಬೆಲೆಯ ಮೇಲೆ ಶೇಕಡಾವಾರು ಇದ್ದರೆ, ಬೆಲೆ ಏರಿದಷ್ಟೂ ಅವರಿಗೆ ಲಾಭ ಎಂಬುದನ್ನೂ ನೆನಪಿಡಿ.

ಒಪ್ಪಿಗೆಯಾದ ಮೇಲೆ ಕೊಡುವ ಮುಂಗಡಕ್ಕೆ ನಮ್ಮಲ್ಲಿ ಸಂಚಕಾರ ಎನ್ನುತ್ತಾರೆ. ಅದೇ ಪದಕ್ಕೆ ಅಪಾಯ ಎಂಬ ಅರ್ಥವೂ ಇರುವುದು ವಿಚಿತ್ರ. ಮುಂಗಡವನ್ನು ಚಿಕ್ಕದಾಗಿಯೇ ಇಡಿ, ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಕೊಡಿ. ಬ್ಯಾಂಕ್ ಸಾಲ ಮಂಜೂರಾಗದಿದ್ದರೆ, ಇಸಿಯಲ್ಲಿ ಸಾಲ ಅಥವಾ ತಕರಾರು ಕಂಡುಬಂದರೆ, ಇ-ಖಾತಾ ಸಿಗದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂದು ಕರಾರಿನಲ್ಲಿ ಬರೆಸಿ, ವಾಪಸ್ ಕೊಡಬೇಕಾದ ದಿನಾಂಕವನ್ನೂ ಹಾಕಿಸಿ. ಈ ಸಾಲುಗಳನ್ನು ಬರೆಯಲು ಮಾಲೀಕರು ಒಪ್ಪದಿದ್ದರೆ ದುಡ್ಡು ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ.